ಫೈರ್ ಅಲಾರಂ ಪ್ಯಾನೆಲ್‌ನ ಬ್ಯಾಟರಿ: 7 ಎಎಚ್ ಜಾಗಕ್ಕೆ 18 ಎಎಚ್ ಬಂದ ಲೆಕ್ಕ

ಮೂರು ಅಂತಸ್ತಿನ ಕಚೇರಿ ಕಟ್ಟಡವೊಂದರ ಫೈರ್ ಅಲಾರಂ ಪ್ಯಾನೆಲ್ ರಾತ್ರಿ ವಿದ್ಯುತ್ ಹೋದ ಮೇಲೆ ಬೆಳಗಿನವರೆಗೂ ಬಾಳಲಿಲ್ಲ ಎಂಬ ದೂರಿನಿಂದ ಈ ಕೆಲಸ ಆರಂಭವಾಯಿತು. ನಾನು ಮೊದಲು ಓದಿದ್ದು ಪ್ಯಾನೆಲ್ ತಾನೇ ಬರೆದಿಟ್ಟುಕೊಂಡಿದ್ದ ಇವೆಂಟ್ ಲಾಗನ್ನು. ರಾತ್ರಿ 10.05ಕ್ಕೆ ಮೇನ್ಸ್, ಅಂದರೆ ಹೊರಗಿನ ವಿದ್ಯುತ್ ಪೂರೈಕೆ, ಹೋಗಿದೆ, 3.10ಕ್ಕೆ ಬ್ಯಾಟರಿ ಲೋ ಎಂದು ದಾಖಲಾಗಿದೆ, 3.26ರ ಸಾಲಿನ ನಂತರ ಏನೂ ಇಲ್ಲ, ಆಮೇಲೆ ಬೆಳಗ್ಗೆ 6.40ಕ್ಕೆ ಪ್ಯಾನೆಲ್ ಮತ್ತೆ ಚಾಲೂ ಆದ ಸಾಲು. ಅಂದರೆ ಬ್ಯಾಟರಿಗಳು ಐದು ಗಂಟೆ ಇಪ್ಪತ್ತೊಂದು ನಿಮಿಷ ನಡೆದಿವೆ. ಅನಂತರ ಮೂರು ಗಂಟೆಗೂ ಹೆಚ್ಚು ಹೊತ್ತು ಆ ಕಟ್ಟಡಕ್ಕೆ ಬೆಂಕಿಯ ಎಚ್ಚರಿಕೆ ಕೊಡುವವರೇ ಇರಲಿಲ್ಲ. ಇಪ್ಪತ್ತನಾಲ್ಕು ಗಂಟೆ ಕಾಯಬೇಕಾದ ವ್ಯವಸ್ಥೆ ಅದರ ಕಾಲುಭಾಗದಷ್ಟು ಹೊತ್ತೂ ನಿಲ್ಲಲಿಲ್ಲವೆಂದರೆ ಬ್ಯಾಟರಿ ಹಳತಾಗಿದೆ ಎಂಬ ಒಂದೇ ಕಾರಣ ಸಾಕಾಗುವುದಿಲ್ಲ. ಆದ್ದರಿಂದ ಹೊಸ ಬ್ಯಾಟರಿ ತಂದು ಸಿಕ್ಕಿಸುವುದಕ್ಕೆ ಮೊದಲು ಲೆಕ್ಕವನ್ನು ಬುಡದಿಂದ ಮಾಡಲು ನಿರ್ಧರಿಸಿದೆ.

ಪ್ಯಾನೆಲ್‌ನ ಬಾಗಿಲು ತೆರೆದಾಗ ಕೆಳಗಿನ ತಟ್ಟೆಯಲ್ಲಿ 12 ವೋಲ್ಟ್, 7 ಆಂಪಿಯರ್ ಅವರ್‌ನ (ಎಎಚ್, ಅಂದರೆ ಎಷ್ಟು ಆಂಪಿಯರನ್ನು ಎಷ್ಟು ಗಂಟೆ ಕೊಡಬಲ್ಲದು ಎಂಬ ಅಳತೆ) ಎರಡು ಸೀಲ್ಡ್ ಲೆಡ್ ಆಸಿಡ್ ಬ್ಯಾಟರಿಗಳು ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೆ ಒಂದಾಗಿ, ಜೋಡಿಸಲ್ಪಟ್ಟು ಕುಳಿತಿದ್ದವು. ಅವುಗಳಲ್ಲಿ ಒಂದು ಪಕ್ಕಕ್ಕೆ ಉಬ್ಬಿ ತಟ್ಟೆಗೆ ಕಚ್ಚಿಕೊಂಡಿತ್ತು. ಮೇನ್ಸ್ ಇರುವಾಗಲೇ ಮೀಟರ್ ಹಿಡಿದರೆ ಎರಡೂ ಸೇರಿ 27.3 ವೋಲ್ಟ್ ತೋರಿಸಿತು. 24 ವೋಲ್ಟ್‌ನ ಪ್ಯಾನೆಲ್‌ನಲ್ಲಿ ಫ್ಲೋಟ್ ಚಾರ್ಜ್, ಅಂದರೆ ತುಂಬಿದ ಬ್ಯಾಟರಿಯನ್ನು ತುಂಬಿದಂತೆಯೇ ಉಳಿಸುವ ವೋಲ್ಟೇಜ್, ಇರಬೇಕಾದದ್ದು ಅಷ್ಟೇ. ಇಲ್ಲಿಗೇ ನಿಲ್ಲಿಸಿದ್ದರೆ ಎಲ್ಲವೂ ಸರಿಯಿದೆ ಎಂದು ಬರೆದು ಬರಬಹುದಿತ್ತು. ಆದರೆ ಪ್ರೋಬ್‌ಗಳನ್ನು ಒಂದೊಂದೇ ಬ್ಯಾಟರಿಗೆ ಹಿಡಿದಾಗ ಎಡಗಡೆಯದು 12.4, ಬಲಗಡೆಯದು 14.9 ವೋಲ್ಟ್ ತೋರಿಸಿತು. 12 ವೋಲ್ಟ್‌ನ ಬ್ಯಾಟರಿಯಲ್ಲಿ ಆರು ಸೆಲ್‌ಗಳಿರುತ್ತವೆ. ಎಡಗಡೆಯದರಲ್ಲಿ ಒಂದು ಸೆಲ್ ಒಳಗೇ ಶಾರ್ಟ್ ಆಗಿದ್ದರಿಂದ 27.3 ವೋಲ್ಟನ್ನು ಹನ್ನೆರಡು ಸೆಲ್‌ಗಳ ಬದಲು ಹನ್ನೊಂದು ಹಂಚಿಕೊಳ್ಳುತ್ತಿದ್ದವು. ಒಂದೊಂದರ ಪಾಲಿಗೆ 2.27 ವೋಲ್ಟ್ ಬರಬೇಕಾದಲ್ಲಿ 2.48 ವೋಲ್ಟ್ ಬರುತ್ತಿತ್ತು. ಹೀಗೆ ಕೆಟ್ಟ ಬ್ಯಾಟರಿ ನೋಡಲು ಚೆನ್ನಾಗಿಯೇ ಉಳಿದು, ಒಳ್ಳೆಯ ಬ್ಯಾಟರಿ ದಿನವಿಡೀ ಅತಿಯಾಗಿ ಚಾರ್ಜ್ ಆಗಿ, ನೀರು ಕಳೆದುಕೊಂಡು, ಬಿಸಿಯಾಗಿ ಉಬ್ಬಿತ್ತು. ಈ ಪ್ಯಾನೆಲ್ ನೋಡುವುದು ಒಟ್ಟು ವೋಲ್ಟೇಜನ್ನು ಮಾತ್ರ, ಆದ್ದರಿಂದ ಅದು ಯಾವ ದೋಷವನ್ನೂ ತೋರಿಸಿರಲಿಲ್ಲ. ಅಂದಿನಿಂದ ನಾನು ಯಾವ ಪ್ಯಾನೆಲ್ ತೆರೆದರೂ ಎರಡು ಬ್ಯಾಟರಿಗಳನ್ನು ಬೇರೆಬೇರೆಯಾಗಿ ಅಳೆಯದೆ ಬಾಗಿಲು ಮುಚ್ಚುವುದಿಲ್ಲ.

ಶಾರ್ಟ್ ಆದ ಸೆಲ್ ಐದು ಗಂಟೆಯ ಕಥೆಯನ್ನು ಬಹುಮಟ್ಟಿಗೆ ವಿವರಿಸಿತು. ಹೊಸದಾಗಿದ್ದಾಗಲಾದರೂ ಈ ಬ್ಯಾಟರಿಗಳು ಸಾಕಾಗುತ್ತಿದ್ದವೇ ಎಂಬ ಪ್ರಶ್ನೆ ಮಾತ್ರ ಉಳಿದಿತ್ತು. ಅದಕ್ಕೆ ಉತ್ತರ ಬಾಗಿಲಿನ ಒಳಮೈಗೆ ಅಂಟಿಸಿದ್ದ ಹಳೆಯ ಲೆಕ್ಕದ ಹಾಳೆಯಲ್ಲಿ ಸಿಕ್ಕಿತು. ಅಲ್ಲಿ ಯಾರೋ ಎರಡು ಏಳನ್ನು ಕೂಡಿಸಿ 14 ಎಎಚ್ ಎಂದು ಬರೆದು, ಅದನ್ನು ಸುಮಾರು ಅರ್ಧ ಆಂಪಿಯರ್‌ನಿಂದ ಭಾಗಿಸಿ, 28 ಗಂಟೆ ಬರುತ್ತದೆಂದು ಕೆಳಗೆ ಗೆರೆ ಎಳೆದಿದ್ದರು. ಸೀರೀಸ್‌ನಲ್ಲಿ ಕೂಡುವುದು ವೋಲ್ಟೇಜ್ ಮಾತ್ರ. ಒಂದೇ ಕರೆಂಟ್ ಎರಡು ಬ್ಯಾಟರಿಗಳ ಮೂಲಕವೂ ಹರಿಯುವುದರಿಂದ ಎರಡೂ ಒಟ್ಟೊಟ್ಟಿಗೇ ಖಾಲಿಯಾಗುತ್ತವೆ. 12 ವೋಲ್ಟ್, 7 ಎಎಚ್‌ನ ಎರಡು ಬ್ಯಾಟರಿ ಸೇರಿದರೆ ಸಿಗುವುದು 24 ವೋಲ್ಟ್, 7 ಎಎಚ್. ನಿಜವಾದ ಭಾಗಾಕಾರ ಮಾಡಿದರೆ ಹೊಚ್ಚಹೊಸ ಬ್ಯಾಟರಿಗಳಿಗೂ ಸುಮಾರು 14 ಗಂಟೆಯಷ್ಟೇ ಆಯುಷ್ಯವಿತ್ತು. ಈ ವ್ಯವಸ್ಥೆ ಅಳವಡಿಸಿದ ದಿನದಿಂದಲೂ ಕಡಿಮೆ ಬಿದ್ದೇ ಇತ್ತು. ದೀರ್ಘ ಕಾಲ ವಿದ್ಯುತ್ ಹೋಗದ ಕಾರಣ ಯಾರಿಗೂ ಗೊತ್ತಾಗಿರಲಿಲ್ಲ.

ಬ್ಯಾಟರಿಯ ಮೇಲೆ ಅಚ್ಚಾದ ಎಎಚ್ ಅಂಕಿಯನ್ನು ಓದುವ ಬಗೆಯನ್ನೂ ಇಲ್ಲಿಯೇ ಹೇಳಬೇಕು. ಸಾಮಾನ್ಯವಾಗಿ ಅದು 20 ಗಂಟೆಗಳಲ್ಲಿ ನಿಧಾನವಾಗಿ ಖಾಲಿ ಮಾಡಿದಾಗ ಸಿಗುವ ಪ್ರಮಾಣ: 7 ಎಎಚ್ ಎಂದರೆ 0.35 ಆಂಪಿಯರ್‌ನಂತೆ 20 ಗಂಟೆ. ಅದೇ ಬ್ಯಾಟರಿಯನ್ನು ಒಂದೇ ಗಂಟೆಯಲ್ಲಿ ಬರಿದು ಮಾಡಲು ಹೋದರೆ ಸಿಗುವುದು ಸುಮಾರು ಶೇ. 60 ಮಾತ್ರ. ಫೈರ್ ಅಲಾರಂ ದೀರ್ಘ ಕಾಲ ಸಣ್ಣ ಕರೆಂಟ್ ಎಳೆದು, ಕೊನೆಯಲ್ಲಿ, ಅಂದರೆ ಬ್ಯಾಟರಿ ಅತ್ಯಂತ ಸುಸ್ತಾಗಿರುವ ಹೊತ್ತಿಗೆ, ದೊಡ್ಡ ಕರೆಂಟ್ ಕೇಳುವ ವ್ಯವಸ್ಥೆಯಾದ್ದರಿಂದ ಈ ವ್ಯತ್ಯಾಸವನ್ನು ಮರೆಯುವಂತಿಲ್ಲ.

ಲೆಕ್ಕಕ್ಕೆ ಬೇಕಾದದ್ದು ಎರಡು ಕರೆಂಟ್‌ಗಳು. ಅಲಾರಂ ಇಲ್ಲದೆ ವ್ಯವಸ್ಥೆ ಸುಮ್ಮನೆ ಕಾಯುತ್ತಿರುವಾಗ ಎಳೆಯುವ ಸ್ಟ್ಯಾಂಡ್‌ಬೈ ಕರೆಂಟ್ ಒಂದು, ಎಲ್ಲ ಹೂಟರ್‌ಗಳೂ ಕೂಗುತ್ತ ದೀಪಗಳು ಮಿನುಗುವಾಗ ಎಳೆಯುವ ಅಲಾರಂ ಕರೆಂಟ್ ಇನ್ನೊಂದು. ಕಟ್ಟಡವನ್ನು ಮೂರು ಅಂತಸ್ತೂ ಸುತ್ತಿ, ಸುಳ್ಳು ಛಾವಣಿಯ ಮೇಲೆ ಅಡಗಿದ್ದ ಮಾಡ್ಯೂಲ್‌ಗಳನ್ನೂ ಎಣಿಸಿ ಪಟ್ಟಿ ಮಾಡಿದೆ. ಪ್ರತಿಯೊಂದರ ಅಂಕಿಯನ್ನೂ ಅದರದೇ ಡೇಟಾಶೀಟ್‌ನಿಂದ ತೆಗೆದುಕೊಂಡೆ. ಪ್ಯಾನೆಲ್‌ನ ಮುಖ್ಯ ಬೋರ್ಡ್ 150 ಮಿಲಿ ಆಂಪಿಯರ್ ಎಳೆಯುತ್ತದೆ. ಮುಖ್ಯ ಪ್ಯಾನೆಲ್‌ನ ಸ್ಥಿತಿಯನ್ನೇ ಸ್ವಾಗತ ಕೊಠಡಿಯಲ್ಲಿ ತೋರಿಸುವ ರಿಪೀಟರ್ ಪ್ಯಾನೆಲ್ 80. ಹೊರಗೆ ಸಂದೇಶ ಕಳಿಸುವ ಕಮ್ಯುನಿಕೇಟರ್ 60. ಎರಡು ಬೀಮ್ ಡಿಟೆಕ್ಟರ್‌ಗಳು ಸೇರಿ 40. ಲೂಪ್‌ನಲ್ಲಿರುವ (ಪ್ಯಾನೆಲ್‌ನಿಂದ ಹೊರಟು ಪ್ಯಾನೆಲ್‌ಗೇ ಮರಳುವ ವೈರಿನ ಸುತ್ತು) 96 ಸ್ಮೋಕ್ ಡಿಟೆಕ್ಟರ್, 14 ಹೀಟ್ ಡಿಟೆಕ್ಟರ್, 18 ಮ್ಯಾನ್ಯುಯಲ್ ಕಾಲ್ ಪಾಯಿಂಟ್ ಮತ್ತು 12 ಕಂಟ್ರೋಲ್ ಮಾಡ್ಯೂಲ್‌ಗಳು ಸಂಖ್ಯೆಯಲ್ಲಿ ಬಹಳವಾದರೂ ಒಂದೊಂದೂ 0.3ರಿಂದ 0.4 ಮಿಲಿ ಆಂಪಿಯರ್ ಮಾತ್ರ ಎಳೆಯುವುದರಿಂದ ಎಲ್ಲ ಸೇರಿ 45 ಆಯಿತು. ಇಷ್ಟರ ಮೊತ್ತ 375 ಮಿಲಿ ಆಂಪಿಯರ್. ಇದರ ಮೇಲೆ, ಮೆಟ್ಟಿಲುಗಳ ಬೆಂಕಿ ತಡೆ ಬಾಗಿಲುಗಳನ್ನು ತೆರೆದೇ ಹಿಡಿದಿಡುವ ಆರು ಮ್ಯಾಗ್ನೆಟ್‌ಗಳನ್ನು ಹೆಚ್ಚುವರಿ ಸಾಧನಗಳಿಗೆ ವಿದ್ಯುತ್ ಕೊಡುವ ಪ್ಯಾನೆಲ್‌ನ ಆಕ್ಸಿಲಿಯರಿ ಔಟ್‌ಪುಟ್‌ಗೇ ಜೋಡಿಸಿದ್ದರು. ತಲಾ 20ರಂತೆ 120 ಸೇರಿ ಒಟ್ಟು 495.

ಅಲಾರಂ ಕರೆಂಟಿನಲ್ಲಿ ದೊಡ್ಡ ಪಾಲು 24 ಹೂಟರ್ ಕಮ್ ಸ್ಟ್ರೋಬ್‌ಗಳದು (ಕೂಗುವುದರ ಜೊತೆಗೆ ಮಿನುಗುವ ದೀಪವೂ ಇರುವಂಥವು): ತಲಾ 85 ಮಿಲಿ ಆಂಪಿಯರ್‌ನಂತೆ 2.04 ಆಂಪಿಯರ್. ಪ್ಯಾನೆಲ್, ರಿಪೀಟರ್, ಕಮ್ಯುನಿಕೇಟರ್, ಬೀಮ್ ಡಿಟೆಕ್ಟರ್ ಮತ್ತು ಲೂಪ್‌ಗಳ ಅಲಾರಂ ಹೊತ್ತಿನ ಎಳೆತ 0.76. ಒಟ್ಟು 2.80 ಆಂಪಿಯರ್.

ಈ ಹಂತದಲ್ಲಿ ಬಹುತೇಕರ ಊಹೆ ತಲೆಕೆಳಗಾಗಿರುತ್ತದೆ. ಜೋರಾಗಿ ಕೂಗುವ ಹೂಟರ್‌ಗಳೇ ಬ್ಯಾಟರಿಯನ್ನು ತಿನ್ನುತ್ತವೆ ಎಂದು ನಂಬಿ ಅವುಗಳನ್ನು ಎಣಿಸುವುದರಲ್ಲಿ ಎಚ್ಚರ ವಹಿಸುತ್ತಾರೆ, ಸುಮ್ಮನಿರುವವನ್ನು ಮರೆತುಬಿಡುತ್ತಾರೆ. ಇಪ್ಪತ್ತನಾಲ್ಕು ಹೂಟರ್‌ಗಳು ಐದು ನಿಮಿಷ ಕೂಗಿದರೆ ಖರ್ಚಾಗುವುದು 0.17 ಎಎಚ್. ಯಾವ ಸದ್ದೂ ಮಾಡದೆ ಬಾಗಿಲು ಹಿಡಿದುಕೊಂಡಿರುವ ಆರು ಮ್ಯಾಗ್ನೆಟ್‌ಗಳು ಇಪ್ಪತ್ತನಾಲ್ಕು ಗಂಟೆಗಳಲ್ಲಿ ತಿನ್ನುವುದು 2.88 ಎಎಚ್, ಅಂದರೆ ಅದರ ಸುಮಾರು ಹದಿನೇಳು ಪಟ್ಟು. ಸ್ಟ್ಯಾಂಡ್‌ಬೈನಲ್ಲಿ ಹತ್ತು ಮಿಲಿ ಆಂಪಿಯರ್ ಹೆಚ್ಚಾದರೂ ದಿನಕ್ಕೆ 0.24 ಎಎಚ್ ಹೋಯಿತೆಂದೇ ಅರ್ಥ. ಹೂಟರ್‌ಗಳು ಮುಖ್ಯವಾಗುವುದು ವೋಲ್ಟೇಜ್ ಕುಸಿತದ ವಿಷಯದಲ್ಲಿ. ಅದಕ್ಕೆ ಮುಂದೆ ಬರುತ್ತೇನೆ.

ಎಷ್ಟು ಹೊತ್ತು ನಡೆಯಬೇಕು ಎಂಬುದನ್ನು ಆಯಾ ಸ್ಥಳಕ್ಕೆ ಅನ್ವಯಿಸುವ ಮಾನದಂಡ ಹೇಳುತ್ತದೆ. ಅಮೆರಿಕದ ಮಾನದಂಡವಾದ ಎನ್‌ಎಫ್‌ಪಿಎ 72 ಪ್ರಕಾರ 24 ಗಂಟೆ ಸ್ಟ್ಯಾಂಡ್‌ಬೈ ಆದ ಮೇಲೆ 5 ನಿಮಿಷ ಅಲಾರಂ ನಡೆಯಬೇಕು, ಧ್ವನಿ ಸಂದೇಶದ ಮೂಲಕ ಜನರನ್ನು ಹೊರಗೆ ಕಳಿಸುವ ವ್ಯವಸ್ಥೆಯಾದರೆ 15 ನಿಮಿಷ. ಬಂದ ಮೊತ್ತಕ್ಕೆ ನಾನು ಶೇ. 20 ಹೆಚ್ಚುವರಿ ಸೇರಿಸಿದೆ. ಬ್ರಿಟಿಷ್ ಮಾನದಂಡವಾದ ಬಿಎಸ್ 5839-1ರ ಪದ್ಧತಿಯಲ್ಲಿ ಅಲಾರಂ ಅರ್ಧ ಗಂಟೆ ನಡೆಯಬೇಕು. ವೇಗವಾಗಿ ಖಾಲಿಯಾಗುವಾಗ ಸಾಮರ್ಥ್ಯ ಕುಗ್ಗುವುದಕ್ಕಾಗಿ ಅಲಾರಂ ಭಾಗವನ್ನು 1.75ರಿಂದ ಗುಣಿಸಿ, ಬ್ಯಾಟರಿ ಹಳತಾಗುವುದಕ್ಕಾಗಿ ಇಡೀ ಮೊತ್ತವನ್ನು 1.25ರಿಂದ ಗುಣಿಸುತ್ತಾರೆ. ನಾನು ಎರಡನ್ನೂ ಮಾಡಿ ನೋಡುತ್ತೇನೆ, ಏಕೆಂದರೆ ಎರಡರ ನಡುವಿನ ಅಂತರವೇ ಆ ಕಟ್ಟಡದಲ್ಲಿ ಅಲಾರಂ ಹೊರೆ ಎಷ್ಟು ಭಾರವಾಗಿದೆ ಎಂಬುದನ್ನು ತಿಳಿಸುತ್ತದೆ. ಮ್ಯಾಗ್ನೆಟ್‌ಗಳೂ ಸೇರಿದಂತೆ ಮೊದಲ ಪದ್ಧತಿಯಲ್ಲಿ 14.5 ಎಎಚ್ ಬಂತು. ಅವುಗಳನ್ನು ಬಿಟ್ಟರೆ 11.1. ಎರಡನೆಯ ಪದ್ಧತಿಯಲ್ಲಿ ಮ್ಯಾಗ್ನೆಟ್‌ಗಳಿಲ್ಲದೆಯೂ 14.3.

ಮ್ಯಾಗ್ನೆಟ್‌ಗಳನ್ನು ಪ್ಯಾನೆಲ್‌ನಿಂದ ತೆಗೆಯುವ ವಿಷಯದಲ್ಲಿ ಕಟ್ಟಡದ ನಿರ್ವಾಹಕರೊಂದಿಗೆ ಸ್ವಲ್ಪ ಹೊತ್ತು ಮಾತಾಡಬೇಕಾಯಿತು. ವಿದ್ಯುತ್ ಹೋದಾಗಲೆಲ್ಲ ಬಾಗಿಲುಗಳು ಮುಚ್ಚಿಕೊಂಡರೆ ಜನರಿಗೆ ತೊಂದರೆ ಎಂಬುದು ಅವರ ಆಕ್ಷೇಪವಾಗಿತ್ತು, ಅದು ಸುಳ್ಳೂ ಅಲ್ಲ. ಆದರೆ ಬೆಂಕಿ ತಡೆ ಬಾಗಿಲಿಗೆ ಮುಚ್ಚಿರುವುದೇ ಸುರಕ್ಷಿತ ಸ್ಥಿತಿ. ಅದನ್ನು ತೆರೆದಿಡುವ ಅನುಕೂಲಕ್ಕಾಗಿ ಬೆಂಕಿಯನ್ನು ಪತ್ತೆ ಹಚ್ಚುವ ಬ್ಯಾಟರಿಯ ಕಾಲುಭಾಗವನ್ನು ಖರ್ಚು ಮಾಡುವುದು ನನಗೆ ಒಪ್ಪಿಗೆಯಾಗಲಿಲ್ಲ. ಕೊನೆಗೆ ಮ್ಯಾಗ್ನೆಟ್‌ಗಳಿಗೆ ಬ್ಯಾಟರಿಯಿಲ್ಲದ ಪ್ರತ್ಯೇಕ 24 ವೋಲ್ಟ್ ಪವರ್ ಸಪ್ಲೈ ಕೊಟ್ಟು, ಪ್ಯಾನೆಲ್‌ನ ಅಲಾರಂ ರಿಲೇಯ ನಾರ್ಮಲಿ ಕ್ಲೋಸ್ಡ್ ಕಾಂಟ್ಯಾಕ್ಟ್ (ಅಲಾರಂ ಬಂದಾಗ ಸಂಪರ್ಕ ಕಡಿಯುವಂಥದು) ಮೂಲಕ ಹಾಯಿಸಿದೆ. ಈಗ ಅಲಾರಂ ಬಂದರೂ ಬಾಗಿಲು ಮುಚ್ಚುತ್ತದೆ, ವಿದ್ಯುತ್ ಹೋದರೂ ಮುಚ್ಚುತ್ತದೆ.

ಕಾಗದದ ಲೆಕ್ಕ ಮುಗಿದ ಮೇಲೆ ನಿಜವಾದ ಕರೆಂಟನ್ನು ಅಳೆದೆ. ಅರ್ಧ ಆಂಪಿಯರ್‌ನಂಥ ಸಣ್ಣ ಕರೆಂಟಿಗೆ, ವೈರ್ ಬಿಚ್ಚದೆ ಅದರ ಸುತ್ತ ಹಿಡಿದು ಅಳೆಯುವ ಕ್ಲ್ಯಾಂಪ್ ಮೀಟರನ್ನು ನಾನು ನಂಬುವುದಿಲ್ಲ. ಮಲ್ಟಿಮೀಟರನ್ನೇ 10 ಆಂಪಿಯರ್ ರೇಂಜ್‌ನಲ್ಲಿ ಬ್ಯಾಟರಿಯ ವೈರಿಗೆ ಸೀರೀಸ್‌ನಲ್ಲಿ ಸೇರಿಸುತ್ತೇನೆ. ಮೇನ್ಸ್ ಇರುವಾಗಲೇ ಬ್ಯಾಟರಿಯ ಪಾಸಿಟಿವ್ ವೈರ್ ಬಿಚ್ಚಿ, ಪರೀಕ್ಷೆಗೆಂದು ತಂದಿದ್ದ ಒಳ್ಳೆಯ ಬ್ಯಾಟರಿ ಜೋಡಿಯನ್ನು ಇಟ್ಟು, ನಡುವೆ ಮೀಟರ್ ಹಾಕಿ, ಅದರ ಪಕ್ಕದಲ್ಲಿ ಒಂದು ಜಂಪರ್ ವೈರನ್ನೂ ಕಟ್ಟಿದೆ. ಮೇನ್ಸ್ ಬ್ರೇಕರ್ ಇಳಿಸಿ, ಪ್ಯಾನೆಲ್ ಬ್ಯಾಟರಿಗೆ ಹೊರಳಿದ ಮೇಲೆಯೇ ಜಂಪರ್ ತೆಗೆಯಬೇಕು. ಹಾಗೆ ಮಾಡದಿದ್ದರೆ ಹೊರಳುವ ಕ್ಷಣದ ಜಗ್ಗಿಗೆ ಮೀಟರ್‌ನ ಫ್ಯೂಸ್ ಹೋಗಿ ಪ್ಯಾನೆಲ್ ಪೂರ್ತಿ ಆರುವ ಸಾಧ್ಯತೆ ಇದೆ. ಜಂಪರ್ ತೆಗೆದಾಗ ಮೀಟರ್ 0.41 ತೋರಿಸಿ, ರಿಪೀಟರ್‌ನ ಪರದೆಯ ಬೆಳಕು ಆರಿದ ಮೇಲೆ 0.390ಕ್ಕೆ ಇಳಿದು ನಿಂತಿತು. ಲೆಕ್ಕಕ್ಕಿಂತ 15 ಮಿಲಿ ಆಂಪಿಯರ್ ಹೆಚ್ಚು; ಡೇಟಾಶೀಟ್‌ನ ಅಂಕಿಗಳ ಎದುರು ಇಷ್ಟು ಅಂತರ ಒಪ್ಪಬಹುದಾದದ್ದೇ. ಅಲಾರಂ ಕರೆಂಟಿಗೆ ಕ್ಲ್ಯಾಂಪ್ ಮೀಟರ್ ಸಾಕು. ಕಟ್ಟಡದಲ್ಲಿರುವವರಿಗೆ ಮೊದಲೇ ತಿಳಿಸಿ, ಕಮ್ಯುನಿಕೇಟರ್‌ನ ಸಂದೇಶ ತಲುಪುವ ಕಡೆಗೂ ಹೇಳಿ, ಎಲ್ಲ ಹೂಟರ್‌ಗಳನ್ನೂ ಕೂಗಿಸಿದಾಗ 3.05 ಆಂಪಿಯರ್ ಬಂತು. ಸ್ಟ್ರೋಬ್‌ಗಳು ವೋಲ್ಟೇಜ್ ಇಳಿದಂತೆಲ್ಲ ಬೆಳಕನ್ನು ಹಾಗೆಯೇ ಉಳಿಸಿಕೊಳ್ಳಲು ಹೆಚ್ಚು ಕರೆಂಟ್ ಎಳೆಯುತ್ತವೆ, ಆದ್ದರಿಂದ ಬ್ಯಾಟರಿಯ ಮೇಲೆ ನಡೆಸಿದಾಗ ಅಂಕಿ ಸ್ವಲ್ಪ ಏರುವುದು ಸಹಜ.

ಅಳೆದ ಅಂಕಿಗಳನ್ನು ಹಾಕಿ ಮತ್ತೆ ಲೆಕ್ಕ ಮಾಡಿದೆ. ಸ್ಟ್ಯಾಂಡ್‌ಬೈಗೆ 0.390 ಗುಣಿಸು 24, ಅಂದರೆ 9.36, ಅಲಾರಂಗೆ 0.25, ಶೇ. 20 ಸೇರಿದರೆ 11.5 ಎಎಚ್. ಅರ್ಧ ಗಂಟೆಯ ಅಲಾರಂ ಪದ್ಧತಿಯಲ್ಲಿ 15.0. ಮೊದಲನೆಯದರ ಪ್ರಕಾರ 12 ಎಎಚ್ ಬ್ಯಾಟರಿ ಸಾಕು, ಎರಡನೆಯದರ ಪ್ರಕಾರ 18 ಬೇಕು. 12 ಎಎಚ್ ಆರಿಸಿದ್ದರೆ ಕೆಲಸ ಬಹಳ ಸುಲಭವಾಗುತ್ತಿತ್ತು: ಅದು 151 ಮಿಲಿ ಮೀಟರ್ ಉದ್ದ, 98 ಅಗಲವಿದ್ದು ಹಳೆಯ ತಟ್ಟೆಯಲ್ಲೇ ಕೂರುತ್ತಿತ್ತು. ಆದರೆ ಉಳಿಯುವ ಅವಕಾಶ ಅರ್ಧ ಎಎಚ್‌ಗಿಂತ ಕಡಿಮೆ. ಮುಂದೆ ಯಾರಾದರೂ ಎರಡನೆಯ ಕಮ್ಯುನಿಕೇಟರ್ ಒಂದನ್ನು ಸೇರಿಸಿದರೆ ಅದೊಂದಕ್ಕೇ 1.7 ಎಎಚ್ ಬೇಕಾಗುತ್ತದೆ, ಸೇರಿಸುವವರು ಬ್ಯಾಟರಿಯ ಲೆಕ್ಕ ತೆರೆದು ನೋಡುವುದು ಅಪರೂಪ. 18 ಎಎಚ್ ಬ್ಯಾಟರಿಯನ್ನೇ ಆರಿಸಿದೆ.

ಬ್ಯಾಟರಿ ದೊಡ್ಡದಾದಷ್ಟೂ ಒಳ್ಳೆಯದು ಎಂದು ಹೇಳಲಾಗುವುದಿಲ್ಲ, ಏಕೆಂದರೆ ಚಾರ್ಜರ್ ಅದನ್ನು ತುಂಬಿಸಬೇಕು. ಯುರೋಪಿನ ಇಎನ್ 54-4ರ ಪ್ರಕಾರ ಪೂರ್ತಿ ಬರಿದಾದ ಬ್ಯಾಟರಿ 24 ಗಂಟೆಯಲ್ಲಿ ಶೇ. 80ರಷ್ಟು, ಅದರ ನಂತರದ 48 ಗಂಟೆಯಲ್ಲಿ ಪೂರ್ತಿ ಚಾರ್ಜ್ ಆಗಬೇಕು. 18 ಎಎಚ್‌ನ ಶೇ. 80 ಎಂದರೆ 14.4, ಅದನ್ನು 24 ಗಂಟೆಯಲ್ಲಿ ತುಂಬಲು ಕನಿಷ್ಠ 0.6 ಆಂಪಿಯರ್, ಚಾರ್ಜಿಂಗ್‌ನಲ್ಲಿ ಆಗುವ ನಷ್ಟ ಸೇರಿಸಿದರೆ ಮುಕ್ಕಾಲು ಆಂಪಿಯರ್ ಬೇಕು. ಈ ಪ್ಯಾನೆಲ್‌ನ ಚಾರ್ಜರ್ ತನ್ನ ಉಳಿದ ಹೊರೆಯನ್ನು ಹೊತ್ತುಕೊಂಡೇ 1 ಆಂಪಿಯರ್ ಕೊಡಬಲ್ಲದು, ಕೈಪಿಡಿಯಲ್ಲಿಯೂ 18 ಎಎಚ್ ಗರಿಷ್ಠ ಮಿತಿ ಎಂದು ಬರೆದಿದೆ. ಮಿತಿ 12 ಎಂದಿದ್ದರೆ ಪ್ರತ್ಯೇಕ ಚಾರ್ಜರ್ ಹಾಕದೆ 18 ಎಎಚ್ ಜೋಡಿಸುತ್ತಿರಲಿಲ್ಲ.

18 ಎಎಚ್ ಬ್ಯಾಟರಿ 181 ಮಿಲಿ ಮೀಟರ್ ಉದ್ದ, 167 ಎತ್ತರ. ಪ್ಯಾನೆಲ್‌ನ ಒಳಗೆ ಜಾಗವಿಲ್ಲ. ಪಕ್ಕದ ಗೋಡೆಗೆ ಬೀಗವಿರುವ ಲೋಹದ ಪೆಟ್ಟಿಗೆಯೊಂದನ್ನು ಬಿಗಿದು, ಮೇಲೆ ಕೆಳಗೆ ಗಾಳಿಯ ಕಿಂಡಿಗಳಿರುವಂತೆ ನೋಡಿಕೊಂಡೆ. ಪ್ಯಾನೆಲ್ ಇರುವ ವಿದ್ಯುತ್ ಕೋಣೆಯಲ್ಲಿ ಮಧ್ಯಾಹ್ನ 36 ಡಿಗ್ರಿ ಸೆಲ್ಸಿಯಸ್ ಇರುವುದನ್ನು ಮೊದಲ ದಿನವೇ ಗಮನಿಸಿದ್ದೆ. ಈ ಬಗೆಯ ಬ್ಯಾಟರಿಗಳ ಆಯುಷ್ಯ 10 ಡಿಗ್ರಿ ಏರಿದರೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಫ್ಲೋಟ್ ವೋಲ್ಟೇಜನ್ನೂ ತಾಪಕ್ಕೆ ತಕ್ಕಂತೆ ಇಳಿಸಬೇಕು: ಪ್ರತಿ ಡಿಗ್ರಿಗೆ ಒಂದು ಸೆಲ್‌ಗೆ ಸುಮಾರು 3 ಮಿಲಿ ವೋಲ್ಟ್‌ನಂತೆ, 25ಕ್ಕಿಂತ 11 ಡಿಗ್ರಿ ಹೆಚ್ಚಿರುವಾಗ ಹನ್ನೆರಡು ಸೆಲ್‌ಗಳಿಗೆ 0.4 ವೋಲ್ಟ್, ಅಂದರೆ 27.3ರ ಬದಲು 26.9. ಚಾರ್ಜರ್‌ನ ತಾಪ ಸಂವೇದಕ ಪ್ಯಾನೆಲ್‌ನ ಬೋರ್ಡಿನ ಮೇಲೆಯೇ ಇದ್ದುದರಿಂದ ಅದರ ಉದ್ದನೆಯ ವೈರಿನ ಮಾದರಿಯನ್ನು ತರಿಸಿ ಬ್ಯಾಟರಿಯ ಮೈಗೇ ತಾಗುವಂತೆ ಅಂಟಿಸಿದೆ.

ಪೆಟ್ಟಿಗೆಯಿಂದ ಪ್ಯಾನೆಲ್‌ಗೆ ಎರಡು ಮೀಟರ್ ದೂರ. 2.5 ಚದರ ಮಿಲಿ ಮೀಟರ್‌ನ ತಾಮ್ರದ ವೈರ್ ಹಾಕಿದರೆ ಹೋಗಿ ಬರುವ ನಾಲ್ಕು ಮೀಟರಿಗೆ 0.03 ಓಮ್, ಅಲಾರಂ ಹೊತ್ತಿನಲ್ಲಿ 0.1 ವೋಲ್ಟ್‌ಗಿಂತ ಕಡಿಮೆ ಕುಸಿತ. ಫ್ಯೂಸನ್ನು ಪ್ಯಾನೆಲ್‌ನ ಕಡೆಗಿಡದೆ ಬ್ಯಾಟರಿಯ ಪಾಸಿಟಿವ್ ತುದಿಯ ಪಕ್ಕದಲ್ಲೇ ಇಟ್ಟೆ, ಏಕೆಂದರೆ ನಡುವಿನ ವೈರ್ ಶಾರ್ಟ್ ಆದರೆ ಅದನ್ನು ಕಾಯುವುದು ಆ ಫ್ಯೂಸ್ ಮಾತ್ರ. 7 ಎಎಚ್ ಬ್ಯಾಟರಿಗೆ ಒತ್ತಿ ಸಿಕ್ಕಿಸುವ ಚಪ್ಪಟೆ ಟರ್ಮಿನಲ್ ಇದ್ದರೆ ಇದಕ್ಕೆ ಬೋಲ್ಟ್ ಇದೆ. ಸ್ಪ್ಯಾನರ್‌ನ ಹಿಡಿಗೆ ಇನ್ಸುಲೇಶನ್ ಟೇಪ್ ಸುತ್ತಿ, ಕೈಗಡಿಯಾರ ಬಿಚ್ಚಿಟ್ಟು ಬಿಗಿದೆ. ಎರಡೂ ಬ್ಯಾಟರಿಗಳು ಒಂದೇ ತಯಾರಿಕೆಯವು, ಒಂದೇ ತಿಂಗಳ ಗುರುತಿನವು. ಹಳೆಯದರ ಜೊತೆಗೆ ಹೊಸದನ್ನು ಸೀರೀಸ್‌ನಲ್ಲಿ ಕೂಡಿಸಿದರೆ ಮೊದಲು ನೋಡಿದ 12.4 ಮತ್ತು 14.9ರ ಕಥೆ ಬೇಗ ಮರುಕಳಿಸುತ್ತದೆ.

ಎರಡು ದಿನ ಚಾರ್ಜ್ ಆದ ಮೇಲೆ ಪೂರ್ಣ ಪರೀಕ್ಷೆ ಮಾಡಿದೆವು. ರಜೆಯ ದಿನ ಬೆಳಗ್ಗೆ 9ಕ್ಕೆ ಮೇನ್ಸ್ ಬ್ರೇಕರ್ ಇಳಿಸಿ, ಮೂರೂ ಅಂತಸ್ತುಗಳಲ್ಲಿ ಗಸ್ತಿಗೆ ಜನರನ್ನು ನೇಮಿಸಿ, ಪರೀಕ್ಷೆಯ ಬ್ಯಾಟರಿ ಜೋಡಿಯನ್ನು ಪಕ್ಕದಲ್ಲೇ ಸಿದ್ಧವಾಗಿಟ್ಟುಕೊಂಡೆವು. ಎರಡು ಗಂಟೆಗೊಮ್ಮೆ ಎರಡು ಬ್ಯಾಟರಿಗಳ ವೋಲ್ಟೇಜನ್ನು ಬೇರೆಬೇರೆಯಾಗಿ ಬರೆದೆ. ಮರುದಿನ 9ಕ್ಕೆ ಒಟ್ಟು 24.4 ವೋಲ್ಟ್ ಇತ್ತು. ಎರಡು ಬ್ಯಾಟರಿಗಳ ನಡುವಿನ ಅಂತರ 0.05ನ್ನು ದಾಟಲಿಲ್ಲ. ಆಮೇಲೆ ಕಾಲ್ ಪಾಯಿಂಟ್ ಒತ್ತಿ ಅಲಾರಂ ಎಬ್ಬಿಸಿದೆವು. ವೋಲ್ಟೇಜ್ 23.8ಕ್ಕೆ ಇಳಿದು ನಿಂತಿತು; ಐದರ ಬದಲು ಹದಿನೈದು ನಿಮಿಷ ಕೂಗಿಸಿದರೂ 23.7ಕ್ಕಿಂತ ಕೆಳಗೆ ಹೋಗಲಿಲ್ಲ. ಆ ಹೊತ್ತಿನಲ್ಲೇ ಮೂರನೆಯ ಅಂತಸ್ತಿನ ತುದಿಯ ಹೂಟರ್‌ನಲ್ಲಿ 22.3 ವೋಲ್ಟ್ ಅಳೆದೆ. ಈ ಹೂಟರ್‌ಗಳು 16 ವೋಲ್ಟ್‌ವರೆಗೂ ಕೆಲಸ ಮಾಡುತ್ತವೆ, ಆದರೂ ಲೆಕ್ಕವನ್ನು 23.8ರಿಂದ ಹಿಡಿಯಬಾರದು, ಬ್ಯಾಟರಿ ಕೊನೆಯುಸಿರಿನಲ್ಲಿದ್ದಾಗ ಇರುವ 20.4 ವೋಲ್ಟ್‌ನಿಂದ ಹಿಡಿಯಬೇಕು. 90 ಮೀಟರ್ ಉದ್ದದ ಆ ಸರ್ಕ್ಯೂಟ್‌ನಲ್ಲಿ 1.5 ಚದರ ಮಿಲಿ ಮೀಟರ್ ವೈರಿನ ಮೇಲೆ ಎಲ್ಲ ಹನ್ನೆರಡು ಹೂಟರ್‌ಗಳೂ ತುದಿಯಲ್ಲೇ ಇವೆಯೆಂದು ಭಾವಿಸಿದರೂ ಕುಸಿತ 2.4 ವೋಲ್ಟ್, 18.0 ಉಳಿಯುತ್ತದೆ.

ಮೇನ್ಸ್ ಏರಿಸಿದಾಗ ಚಾರ್ಜರ್ 1 ಆಂಪಿಯರ್ ಕೊಡಲು ಶುರು ಮಾಡಿತು. ಮರುದಿನ ಅದೇ ಹೊತ್ತಿಗೆ 40 ಮಿಲಿ ಆಂಪಿಯರ್‌ಗೆ ಇಳಿದಿತ್ತು. ಬಾಗಿಲಿನ ಹಳೆಯ ಹಾಳೆಯನ್ನು ತೆಗೆದು ಹೊಸ ಲೆಕ್ಕವನ್ನು ಅಂಟಿಸಿದೆ: ಅಳೆದ ಎರಡು ಕರೆಂಟ್‌ಗಳು, ಬ್ಯಾಟರಿಗಳ ತಯಾರಿಕೆಯ ತಿಂಗಳು, ಅಳವಡಿಸಿದ ದಿನ, ಇನ್ನೆಷ್ಟು ಮಿಲಿ ಆಂಪಿಯರ್ ಸೇರಿಸಲು ಅವಕಾಶವಿದೆ ಎಂಬ ಅಂಕಿ, ಅದರ ಕೆಳಗೆ ಎರಡು ಬ್ಯಾಟರಿಗಳ ವೋಲ್ಟೇಜನ್ನು ಬೇರೆಬೇರೆಯಾಗಿ ಬರೆಯಲು ಎರಡು ಖಾಲಿ ಕಾಲಂಗಳು. ಮೊದಲ ಸಾಲನ್ನು ನಾನೇ ತುಂಬಿದೆ: 13.46, 13.44.